ಆ ಮೆಕ್ಯಾನಿಕ್ ಅಣ್ಣನಿಗೆ

ಹೋದ ತಿಂಗಳು ಶಿರಾಡಿ ಘಾಟಿ ಇಳಿಯುವಾಗ ಬ್ರೇಕ್ ಒತ್ತಿದರೆ ಸಾಕು, ಸ್ಟೀರಿಂಗ್ ಗಡಗಡ ನಡುಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ರಾಮ ರಾಮ ಅಂತಿದ್ದರು. ಕಾರಿಗೆ ಇನ್ನೂ ವರ್ಷ ತುಂಬಿಲ್ಲ. ಬೆಂಗಳೂರಲ್ಲಿ ಎರಡು ಸಲ ತೋರಿಸಿದ್ದೆ. "ಬ್ರೇಕ್ ಸವೆಯೋ ಐಟಂ ಸಾರ್, ವಾರಂಟಿಗೆ ಬರಲ್ಲ" ಅಂತ ಸುಮ್ನೆ ಕಳಿಸಿದ್ದರು.

ಮಂಗಳೂರಿನ ಸರ್ವಿಸ್ ಸೆಂಟರಿನಲ್ಲಿ ನೀವು ಮೊದಲು ಕೇಳಿದ್ದು, "ಊಟ ಆಯ್ತಾ?" ಆಮೇಲೆ ನೀವೇ ಕಾರು ಓಡಿಸಿ ನೋಡಿದಿರಿ. ಚಕ್ರ ಬಿಚ್ಚಿ, ಅದರ ಜೊತೆ ತಿರುಗುವ ಬ್ರೇಕ್ ಡಿಸ್ಕಿಗೆ, ಸೊಟ್ಟ ಎಷ್ಟಿದೆ ಅಂತ ಅಳೆಯುವ ಡಯಲ್ ಗೇಜ್ ಹಚ್ಚಿ, ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮುಳ್ಳು ಓಲಾಡುವುದನ್ನು ತೋರಿಸಿದಿರಿ. 0.12 ಮಿಲಿಮೀಟರ್. ಕೂದಲೆಳೆಯಷ್ಟು! ಅಷ್ಟಕ್ಕೇ ಇಷ್ಟು ನಡುಕವಾ ಅಂದರೆ ನಕ್ಕಿರಿ. ಕೊಳೆಯಿಂದ ಹಾಗಾಗಿದೆಯೋ ಅಂತ ಡಿಸ್ಕ್ ಕೂರುವ ಹಬ್‌ನ ಮುಖ ಉಜ್ಜಿ, ಮತ್ತೆ ಅಳೆದಿರಿ. ಆಗಲೂ ಅಷ್ಟೇ. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಅರ್ಧವೂ ಸವೆದಿಲ್ಲ, ಡಿಸ್ಕೇ ಸೊಟ್ಟ ಎಂದು ಅಳತೆ ಸಮೇತ ಜಾಬ್ ಕಾರ್ಡಿನಲ್ಲಿ ಬರೆದಿರಿ. "ಬರೀ ವೈಬ್ರೇಶನ್ ಅಂತ ಬರೆದ್ರೆ ಕ್ಲೇಮ್ ಪಾಸ್ ಆಗಲ್ಲ" ಅಂದಿರಿ.

ನಾಲ್ಕನೇ ದಿನ ಎರಡೂ ಡಿಸ್ಕ್ ಹೊಸದು, ಬಿಲ್ಲು ಸೊನ್ನೆ. ನಿಮ್ಮ ಹೆಸರು ಕೇಳೋಕೆ ಮರೆತೆ. ವಾಪಸ್ ಬರುವಾಗ ಅಮ್ಮ ಸಕಲೇಶಪುರದವರೆಗೂ ನಿದ್ದೆ ಮಾಡಿದರು. ಥ್ಯಾಂಕ್ಸ್ ಅಣ್ಣಾ.