98 ನಿಮಿಷ: ಮಗಳಿಗೊಂದು ಪತ್ರ

ಚಿಂತಾಮಣಿ
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ನಿಮ್ಮಪ್ಪ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಯ ಮಂಡಿ ನೋವು ಇದ್ದ ಹಾಗೇ ಇದೆ. ನಿನ್ನ ಕ್ಷೇಮಕ್ಕೆ ಬರೀಬೇಕು.

ಹೋದ ಭಾನುವಾರ ನೀನು ಫೋನ್ ಮಾಡಿ, ಅಮೆರಿಕದ ಯೂನಿವರ್ಸಿಟಿಯಲ್ಲಿ ನಿನ್ನ ಪರ್ಫ್ಯೂಷನ್ ಕೆಲಸದ್ದೇ (ಹೃದಯದ ಆಪರೇಷನ್ ಹೊತ್ತಲ್ಲಿ ರಕ್ತ ಓಡಿಸೋ ಯಂತ್ರ ನಡೆಸೋದು) ಆನ್‌ಲೈನ್ ಮಾಸ್ಟರ್ಸ್‌ಗೆ ಸೀಟು ಸಿಕ್ಕಿತು ಅಂದೆ. ಒಳ್ಳೇದಾಯ್ತು ಕಂದ ಅನ್ನಬೇಕಿತ್ತು. ಅದು ಬಿಟ್ಟು, "ಕಂಪ್ಯೂಟರ್ ಮುಂದೆ ಕೂತು ಹೃದಯ ನಿಲ್ಲಿಸೋದು ಕಲಿಯೋಕಾಗುತ್ತಾ?" ಅಂದುಬಿಟ್ಟೆ. ನೀನು ಏನೂ ವಾದ ಮಾಡಲಿಲ್ಲ. "ಊಟ ಮಾಡಿ ಮಲಕ್ಕೋ ಅಪ್ಪ" ಅಂತ ಇಟ್ಟೆ. ವಾರದಿಂದ ಆ ಮಾತು ನನ್ನನ್ನ ಕೊರೀತಾ ಇದೆ. ಫೋನಿನಲ್ಲಿ ಮಾತಾಡಿದ್ರೆ ಮತ್ತೆ ಎಲ್ಲಾದರೂ ಎಡವ್ತೀನಿ ಅಂತ ಹಾಳೆ ತಂದು ಬರೆಯೋಕೆ ಕೂತಿದ್ದೀನಿ.

ಆ ಮಾತು ಎಲ್ಲಿಂದ ಬಂತು ಅಂತ ನಿನಗೆ ಹೇಳಿಲ್ಲ. 1987ರಲ್ಲಿ, ಪಂಪ್‌ಸೆಟ್ ಕೆಲಸಕ್ಕೆ ಬರೋ ಮುಂಚೆ, ನಾನು ಅಂಚೆ ಮೂಲಕ ಟಿ.ವಿ. ರಿಪೇರಿ ಕೋರ್ಸ್ ಮಾಡಿದ್ದೆ. ತಿಂಗಳಿಗೊಂದು ಪುಸ್ತಕ ಬರೋದು. ಉತ್ತರ ಬರೆದು ಕಳಿಸಿದ್ರೆ ಮಾರ್ಕ್ಸ್ ಬರೋದು. ಕೊನೆಗೆ ಸರ್ಟಿಫಿಕೇಟೂ ಬಂತು. ಅದನ್ನ ನಂಬಿ ಊರಿನ ಮೇಷ್ಟ್ರೊಬ್ಬರು ತಮ್ಮ ಬ್ಲಾಕ್ ಅಂಡ್ ವೈಟ್ ಟಿ.ವಿ. ತಂದುಕೊಟ್ಟರು. ಪುಸ್ತಕದಲ್ಲಿ ಇದ್ದ ಚಿತ್ರಕ್ಕೂ ಡಬ್ಬಿ ಒಳಗಿದ್ದ ತಂತಿಗಳಿಗೂ ಹೊಂದಿಸೋದು ನನಗೆ ಗೊತ್ತಾಗಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯ್ತು. ಎಂಟು ತಿಂಗಳು ಕಂತಿನಲ್ಲಿ ಅವರ ದುಡ್ಡು ತೀರಿಸಿದೆ. ಅವರು ಒಂದು ಗಟ್ಟಿ ಮಾತೂ ಆಡಲಿಲ್ಲ, ಅದೇ ನನಗೆ ಜಾಸ್ತಿ ನೋವಾಗಿದ್ದು. ಅವತ್ತಿನಿಂದ ದೂರದಲ್ಲಿ ಕೂತು ಕಲಿಯೋ ಯಾವ ವಿದ್ಯೆ ಅಂದ್ರೂ ನನಗೆ ಆ ಸುಟ್ಟ ವಾಸನೆ ಬರುತ್ತೆ.

ಈ ವಾರ ಯೋಚನೆ ಮಾಡ್ತಾ ಮಾಡ್ತಾ ಒಂದು ತಿಳೀತು. ಆ ಪುಸ್ತಕದಲ್ಲಿ ಬರೆದಿದ್ದೆಲ್ಲ ಸರಿಯಾಗೇ ಇತ್ತು. ನನ್ನ ಹತ್ತಿರ ಬೆಂಚು ಇರಲಿಲ್ಲ, ಬಿಚ್ಚಿ ನೋಡೋಕೆ ಒಂದು ಹಳೇ ಡಬ್ಬಿ ಇರಲಿಲ್ಲ, ಕೈ ಹಿಡಿದು ತೋರಿಸೋರು ಇರಲಿಲ್ಲ. ನಿನಗೆ ಅದೆಲ್ಲ ಇದೆ. ರಾಜೀವ್ ಗಾಂಧಿ ಯೂನಿವರ್ಸಿಟಿಯಲ್ಲಿ ಪರ್ಫ್ಯೂಷನ್ ಟೆಕ್ನಾಲಜಿ ಬಿ.ಎಸ್ಸಿ. ಮೂರು ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಆಮೇಲೆ ನಾಲ್ಕು ವರ್ಷ ದಿನಾ ಆಪರೇಷನ್ ಥಿಯೇಟರ್. ನಿನ್ನ ಕೈ ಕಲಿತಾಗಿದೆ. ಈಗ ನೀನು ಕೇಳ್ತಿರೋದು ಪುಸ್ತಕ. ನಾನು ನನ್ನ ಕಥೆಯನ್ನ ತಲೆಕೆಳಗು ಮಾಡಿ ನಿನ್ನ ಮೇಲೆ ಹಾಕಿದೆ.

ಮೊನ್ನೆ ಬೀರು ತೆಗೆದು ನನ್ನ ಆಪರೇಷನ್ ಫೈಲು ಹುಡುಕಿದೆ. ಒಂಬತ್ತು ವರ್ಷ ಆಯ್ತು ನೋಡು. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲುಗಳ ಊತ, ಜ್ವರ ಅಂತ ಮಲಗಿದ್ದು ಹೃದಯದ ವಾಲ್ವ್ ತಿಂದುಹಾಕಿತ್ತು ಅಂತ ಡಾಕ್ಟರು ಹೇಳೋವರೆಗೂ ನನಗೆ ಗೊತ್ತಿರಲಿಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಎರಡು ಸಾಲಿವೆ: ಬೈಪಾಸ್ ಟೈಮ್ 98 ನಿಮಿಷ, ಕ್ರಾಸ್ ಕ್ಲ್ಯಾಂಪ್ ಟೈಮ್, ಅಂದ್ರೆ ಮಹಾಧಮನಿಗೆ ಕ್ಲ್ಯಾಂಪ್ ಹಾಕಿದ್ದ ಹೊತ್ತು, 71 ನಿಮಿಷ. ಇಷ್ಟು ವರ್ಷ ಆ ಸಾಲುಗಳನ್ನ ದಾಟಿ ಮಾತ್ರೆಯ ಪಟ್ಟಿಗೇ ಹೋಗ್ತಿದ್ದೆ. ಈಗ ನಿಂತು ಓದಿದೆ. 98 ನಿಮಿಷ ನನ್ನ ಮೈಯ ರಕ್ತ ಒಂದು ಯಂತ್ರದಲ್ಲಿ ಓಡಿದೆ. ಅದರ ಮುಂದೆ ಯಾರೋ ಒಬ್ಬರು ಕೂತಿದ್ದಾರೆ. ಸರ್ಜನ್ ಕಾಲು ಮುಟ್ಟಿದೆ, ನರ್ಸಮ್ಮನಿಗೆ ಸೀರೆ ಕೊಟ್ಟೆವು, ವಾರ್ಡ್ ಬಾಯ್‌ಗೂ ಹಣ್ಣು ಕೊಟ್ಟೆವು. ಆ ಒಬ್ಬರು ಇದ್ದಾರೆ ಅಂತಲೇ ನಮಗೆ ಗೊತ್ತಿರಲಿಲ್ಲ. ಸೆಕೆಂಡ್ ಪಿಯುಸಿ ಓದ್ತಿದ್ದ ನೀನೊಬ್ಬಳೇ ಡಾಕ್ಟರನ್ನ ಕೇಳಿದ್ದು: "ಹೃದಯ ನಿಂತಿದ್ದಾಗ ಅಪ್ಪನಿಗೆ ರಕ್ತ ಓಡಿಸಿದ್ದು ಯಾರು ಸಾರ್?" ಆ ಪ್ರಶ್ನೆ ಹಿಡಿದುಕೊಂಡೇ ನೀನು ಈ ಕೆಲಸಕ್ಕೆ ಹೋದೆ.

ನೀನು ಮೊದಲ ಸಲ ಆ ಯಂತ್ರ ವಿವರಿಸಿದ ದಿನ ನೆನಪಿದೆಯಾ? ಅಂಗಡಿಯ ಕಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಹೃದಯಕ್ಕೆ ಬರೋ ಕಪ್ಪುಗೆಂಪು ರಕ್ತ ದಪ್ಪ ಟ್ಯೂಬಿನಲ್ಲಿ ಕೆಳಗಿನ ರಿಸರ್ವಾಯರ್‌ಗೆ ತಾನಾಗೇ ಇಳಿಯುತ್ತೆ ಅಂದೆ. ಸೈಫನ್ ತಾನೇ ಅಂದೆ ನಾನು. ಹೂಂ ಅಪ್ಪ, ಲೈನಿನಲ್ಲಿ ಏರ್‌ಲಾಕ್ ಆದ್ರೆ ನಿಂತುಹೋಗುತ್ತೆ ಅಂದೆ. ತೋಟದ ಪೈಪ್‌ಲೈನಿನಲ್ಲಿ ನಾನು ಮೂವತ್ತು ವರ್ಷದಿಂದ ಬಿಡಿಸ್ತಿರೋದೂ ಅದೇ ಏರ್‌ಲಾಕ್. ಅಲ್ಲಿಂದ ಪಂಪು, ಪಂಪಿನಿಂದ ಆಕ್ಸಿಜನೇಟರ್, ಅದಕ್ಕೇ ಸೇರಿದ ಹಾಗೆ ರಕ್ತ ಬಿಸಿ ಮಾಡೋಕೂ ತಣ್ಣಗೆ ಮಾಡೋಕೂ ನೀರಿನ ಹೀಟ್ ಎಕ್ಸ್‌ಚೇಂಜರ್, ಆಮೇಲೆ ಫಿಲ್ಟರ್, ಅಲ್ಲಿಂದ ಮಹಾಧಮನಿ. ದೊಡ್ಡವರಿಗೆ ನಿಮಿಷಕ್ಕೆ ನಾಲ್ಕೈದು ಲೀಟರ್. ಆಕ್ಸಿಜನೇಟರ್ ಒಳಗೆ ಕೂದಲಿನಷ್ಟು ಸಣ್ಣ, ಒಳಗೆ ಟೊಳ್ಳಾಗಿರೋ ಸಾವಿರಾರು ಎಳೆಗಳಿವೆ, ಎಳೆಯ ಒಳಗೆ ಆಕ್ಸಿಜನ್, ಹೊರಗೆ ರಕ್ತ ಅಂದಾಗ ನಿಮ್ಮಮ್ಮ ಒಳಗಿಂದ ಬಂದು ಕೂತಳು. ಶಿಡ್ಲಘಟ್ಟದಲ್ಲಿ ಹುಟ್ಟಿ ರೇಷ್ಮೆ ನೂಲು ತೆಗೆದ ಕೈ ಅವಳದು. "ಅಷ್ಟು ಸಣ್ಣ ಎಳೆಗೆ ಒಳಗೆ ತೂತು ಮಾಡಿದೋರು ಯಾರಪ್ಪ" ಅಂತ ಇವತ್ತಿಗೂ ಕೇಳ್ತಾಳೆ.

ಎರಡು ಥರ ಪಂಪಿವೆ ಅಂದೆಯಲ್ಲ, ಅದು ನನಗೆ ತುಂಬ ಹಿಡಿಸಿತು. ರೋಲರ್ ಪಂಪು ಟ್ಯೂಬನ್ನ ಹಿಂಡಿ ಹಿಂಡಿ ತಳ್ಳುತ್ತೆ. ಅದಕ್ಕೆ ರಕ್ತ ಯಾವುದು ಗಾಳಿ ಯಾವುದು ಅಂತ ಗೊತ್ತಾಗಲ್ಲ. ರಿಸರ್ವಾಯರ್ ಬರಿದಾದ್ರೆ ಗಾಳಿಯನ್ನೂ ಅಷ್ಟೇ ಜೋರಾಗಿ ರೋಗಿಯ ಮಿದುಳಿಗೆ ಕಳಿಸಿಬಿಡುತ್ತೆ, ಅದಕ್ಕೇ ಕಣ್ಣು ರಿಸರ್ವಾಯರಿನ ಮಟ್ಟದ ಗೆರೆ ಬಿಟ್ಟು ಆಚೀಚೆ ಹೋಗಬಾರದು ಅಂದೆ. ಸೆಂಟ್ರಿಫ್ಯೂಗಲ್ ಪಂಪು ನನ್ನ ಅಂಗಡಿಯದೇ ಜಾತಿ. ಜಾಸ್ತಿ ಗಾಳಿ ಹೊಕ್ಕರೆ ಎತ್ತೋದೇ ಇಲ್ಲ. ಹೆಡ್, ಅಂದ್ರೆ ಎದುರಿನ ಒತ್ತಡ, ಜಾಸ್ತಿಯಾದ್ರೆ ಅದೇ ಸ್ಪೀಡಿಗೆ ಡೆಲಿವರಿ ಕಮ್ಮಿ. ಸ್ಪೀಡ್ ನೋಡಿ ನಂಬಬೇಡ, ಫ್ಲೋ ಮೀಟರ್ ನೋಡು ಅಂತ ನಾನಂದೆ. ನಿಮ್ಮ ಸೀನಿಯರ್ ಹೇಳಿಕೊಟ್ಟಿದ್ದೂ ಅದೇ ಅಂತ ನಕ್ಕೆ. ಪಂಪು ನಿಂತಾಗ ಲೈನ್ ಕ್ಲ್ಯಾಂಪ್ ಹಾಕದಿದ್ರೆ ರಕ್ತ ಹಿಂದಕ್ಕೆ ಓಡುತ್ತೆ ಅಂದಾಗ, ನಾನ್ ರಿಟರ್ನ್ ವಾಲ್ವ್ ಇಲ್ಲದ ಲೈನಿನಲ್ಲಿ ನೀರು ವಾಪಸ್ ಬಂದು ಇಂಪೆಲ್ಲರ್ ಉಲ್ಟಾ ತಿರುಗೋದು ಕಣ್ಣಿಗೆ ಕಟ್ಟಿತು.

ಕರೆಂಟು ಹೋದ್ರೆ ಏನು ಮಾಡ್ತೀರಿ ಅಂತ ಕೇಳಿದ್ದೆ. ಬ್ಯಾಟರಿ ಇದೆ, ಅದೂ ಕೈಕೊಟ್ಟರೆ ಕೈಯಲ್ಲಿ ತಿರುಗಿಸೋ ಹಿಡಿ ಇದೆ, ಬಾಣದ ಗುರುತು ನೋಡಿ ತಿರುಗಿಸಬೇಕು ಅಂದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಮಗಳು ಕತ್ತಲಲ್ಲಿ ನಿಂತು ಇನ್ನೊಬ್ಬರ ಮಗುವಿನ ರಕ್ತವನ್ನ ಕೈಯಲ್ಲಿ ತಿರುಗಿಸೋದು ಕಾಣ್ತಿತ್ತು.

ಕೈ ಇಷ್ಟು ಗೊತ್ತಿರೋವಾಗ ಮತ್ತೆ ಓದು ಯಾಕೆ ಅಂತಲೂ ನನ್ನ ಮನಸ್ಸಿನಲ್ಲಿತ್ತು. ಅದಕ್ಕೆ ಉತ್ತರ ನೀನೇ ಸಂಕ್ರಾಂತಿಗೆ ಬಂದಾಗ ಕೊಟ್ಟಿದ್ದೆ, ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಪ್ಪುಗಟ್ಟೋದನ್ನ ತಡೆಯೋ ಹೆಪಾರಿನ್ ಔಷಧಿ ಕೊಟ್ಟಮೇಲೆ ರಕ್ತ ಹೆಪ್ಪುಗಟ್ಟೋ ಹೊತ್ತು 480 ಸೆಕೆಂಡ್ ದಾಟಲಿ ಅಂತ ಕಾಯ್ತೀವಿ, ಆ 480 ಎಲ್ಲಿಂದ ಬಂತು ಅಂದ್ರೆ ನಮ್ಮಲ್ಲಿ ಯಾರೂ ಹೇಳಲ್ಲ ಅಪ್ಪ ಅಂದಿದ್ದೆ. ಥಿಯೇಟರಿನಲ್ಲಿ ಕೆಲವು ಗಂಟೆಗೆ ಚೆನ್ನಾಗಿರೋ ಪಾಲಿಪ್ರೊಪಿಲೀನ್ ಎಳೆ, ಎಕ್ಮೋದಲ್ಲಿ ವಾರಗಟ್ಟಲೆ ಹಾಕಿದ್ರೆ ಸೂಕ್ಷ್ಮ ರಂಧ್ರದಿಂದ ಪ್ಲಾಸ್ಮಾ ಸೋರುತ್ತೆ, ಅದಕ್ಕೆ ಬೇರೆ ಎಳೆ ಬೇಕು ಅಂದೆ. ಕೋವಿಡ್ ಸಮಯದಲ್ಲಿ ಎಕ್ಮೋ ಅನ್ನೋ ಹೆಸರು ಪೇಪರಿನಲ್ಲಿ ದಿನಾ ಬರ್ತಿತ್ತು. ಶ್ವಾಸಕೋಶ ಕೈಬಿಟ್ಟವರಿಗೆ ಹೊರಗಿಂದ ಉಸಿರು ಕೊಡೋ ಆ ಯಂತ್ರವೂ ನಿನ್ನ ಯಂತ್ರದ ತಂಗಿಯೇ ಅಂತ ನೀನು ಹೇಳಿದ ಮೇಲೇ ನನಗೆ ತಿಳಿದದ್ದು. ಹೇಗೆ ಅನ್ನೋದು ಕೈಗೆ ಬಂದಿದೆ, ಯಾಕೆ ಅನ್ನೋದು ಗೊತ್ತಿಲ್ಲ ಅಂತ ನೀನು ಸಂಕಟಪಟ್ಟಿದ್ದೆ. ನನ್ನ ಹತ್ತಿರ ಕೆಲಸ ಕಲಿತ ಹುಡುಗರಲ್ಲಿ ಯಾಕೆ ಅಂತ ಕೇಳಿದೋರು ಇಬ್ಬರೇ. ಇವತ್ತು ಸ್ವಂತ ಅಂಗಡಿ ಇಟ್ಟಿರೋರೂ ಅವರಿಬ್ಬರೇ.

ನೀನು ಹೇಳಿದ, ಈ ಯಂತ್ರ ಕಟ್ಟಿದ ಡಾಕ್ಟರ್ ಗಿಬ್ಬನ್ ಕಥೆ ಈ ವಾರ ಮತ್ತೆ ನೆನಪಾಯ್ತು. 1931ರಲ್ಲಿ ಬಾಸ್ಟನ್‌ನಲ್ಲಿ, ಶ್ವಾಸಕೋಶಕ್ಕೆ ರಕ್ತದ ಗಡ್ಡೆ ಸಿಕ್ಕಿಕೊಂಡ ಹೆಂಗಸೊಬ್ಬರ ಪಕ್ಕ ರಾತ್ರಿಯೆಲ್ಲ ಕೂತಿದ್ದ ಚಿಕ್ಕ ಪ್ರಾಯದ ಡಾಕ್ಟರು, ಈ ಕಪ್ಪು ರಕ್ತವನ್ನ ಹೊರಗೆ ತೆಗೆದು ಆಕ್ಸಿಜನ್ ಕೊಟ್ಟು ವಾಪಸ್ ಕಳಿಸೋ ಹಾಗಿದ್ರೆ ಅಂದುಕೊಂಡರಂತೆ. ಹೆಂಡತಿ ಮೇರಿಯೂ ಲ್ಯಾಬಿನಲ್ಲಿ ಜೊತೆಗೆ ದುಡಿದರು. 1953ರ ಮೇ 6ರಂದು ಫಿಲಡೆಲ್ಫಿಯಾದಲ್ಲಿ 18 ವರ್ಷದ ಹುಡುಗಿಯ ಹೃದಯದ ತೂತು ಮುಚ್ಚಿದಾಗ ಅವಳ ಜೀವ 26 ನಿಮಿಷ ಪೂರ್ತಿ ಆ ಯಂತ್ರದ ಮೇಲಿತ್ತು. ಒಂದು ರಾತ್ರಿ ಹುಟ್ಟಿದ ಪ್ರಶ್ನೆಗೆ 22 ವರ್ಷ. ನಿನ್ನ ಎರಡು ವರ್ಷದ ಓದಿಗೆ ನಾನು ಅಡ್ಡಮಾತು ಆಡಿದೆನಲ್ಲ.

ಇನ್ನೊಂದು ಕಥೆಯಂತೂ ನನ್ನನ್ನ ಬಿಡ್ತಾನೇ ಇಲ್ಲ. ಮಾರನೇ ವರ್ಷ, 1954ರ ಮಾರ್ಚ್ 26ರಂದು, ಮಿನ್ನೆಸೋಟದಲ್ಲಿ ಲಿಲ್ಲೆಹೈ ಅನ್ನೋ ಡಾಕ್ಟರು ಯಂತ್ರದ ಬದಲು ಅಪ್ಪನನ್ನೇ ಮಲಗಿಸಿದ್ದು. ಒಂದು ವರ್ಷದ ಮಗುವಿನ ಪಕ್ಕದಲ್ಲಿ ಅಪ್ಪ, ನಡುವೆ ಒಂದು ಪಂಪು. ಮಗುವಿನ ರಕ್ತ ಅಪ್ಪನ ಮೈಗೆ ಹೋಗಿ, ಅಪ್ಪನ ಉಸಿರಿನಲ್ಲಿ ಕೆಂಪಾಗಿ, ಮಗುವಿಗೆ ವಾಪಸ್. ಆಪರೇಷನ್ ಆಯ್ತು, ಆದರೆ ಮಗು ಹನ್ನೊಂದು ದಿನಕ್ಕೆ ನ್ಯುಮೋನಿಯಾದಿಂದ ಹೋಯ್ತು. ಆದ್ರೂ ಬೇರೆ ಅಪ್ಪ ಅಮ್ಮಂದಿರು ಬಂದು ಮಲಗಿದರು. ಹಾಗೆ ಒಟ್ಟು 45 ಆಪರೇಷನ್ ಆಯ್ತು, ರಕ್ತ ಕೊಟ್ಟೋರು ಒಬ್ಬರೂ ಸಾಯಲಿಲ್ಲ ಅಂತ ನೀನು ಹೇಳಿದ್ದೆ. ಆ ಮೊದಲನೇ ಅಪ್ಪನನ್ನ ನಾನು ಎಷ್ಟು ಸಲ ನೆನೆಸಿಕೊಂಡಿದ್ದೀನೋ.

ಫೀಸಿನ ಮಾತು. ಸಾಲ ಮಾಡಬೇಡ. 2023ರ ಜುಲೈನಲ್ಲಿ 15 ಕೆಜಿ ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿದಾಗ ನಮ್ಮ ಎರಡೆಕರೆಯಲ್ಲಿ ಬಂದ ದುಡ್ಡು ಬ್ಯಾಂಕಿನಲ್ಲಿ ಹಾಗೇ ಇದೆ. ಮೊದಲ ಕಂತಿಗೆ ಅದು ಸಾಕಾಗುತ್ತೆ. ಮುಂದಿನದಕ್ಕೆ ನೋಡೋಣ. ನಿಮ್ಮಮ್ಮ ಒಪ್ಪಿದ್ದಾಳೆ, ನನಗಿಂತ ಮುಂಚೇನೇ.

ಕಟ್ಟೋ ಮುಂಚೆ ಒಂದು ವಿಚಾರಿಸು. ನಮ್ಮ ದೇಶದಲ್ಲಿ 2021ರಲ್ಲಿ ನಿನ್ನಂಥ ಅಲೈಡ್ ಹೆಲ್ತ್ ಕೆಲಸಗಾರರಿಗೆ ಅಂತಲೇ ಕಾನೂನು ಬಂತು, ಅದರ ಕೆಳಗೆ ರಾಷ್ಟ್ರೀಯ ಆಯೋಗ ಇದೆ. ಆ ಕಾನೂನಿಗೆ ಸೇರೋ ಕೋರ್ಸ್‌ಗಳನ್ನ ದೂರಶಿಕ್ಷಣದಲ್ಲಿ, ಆನ್‌ಲೈನ್‌ನಲ್ಲಿ ನಡೆಸಬಾರದು ಅಂತ 2025ರಲ್ಲಿ ಯುಜಿಸಿ ಇಲ್ಲಿನ ಯೂನಿವರ್ಸಿಟಿಗಳಿಗೆ ಹೇಳಿದೆ. ನಿನ್ನದು ಹೊರದೇಶದ್ದು. ನಾಳೆ ಇಲ್ಲಿ ಪಾಠ ಹೇಳೋ ಕೆಲಸಕ್ಕೋ ಪ್ರಮೋಷನ್‌ಗೋ ಆ ಡಿಗ್ರಿ ಲೆಕ್ಕಕ್ಕೆ ಬರುತ್ತಾ ಅಂತ ಬರವಣಿಗೆಯಲ್ಲಿ ಕೇಳಿ ಉತ್ತರ ಇಟ್ಟುಕೋ. ಬಾಯಿಮಾತು ಬೇಡ. ಬರಲ್ಲ ಅಂತ ಉತ್ತರ ಬಂದ್ರೂ ನಿನಗೆ ಆ ವಿದ್ಯೆ ಬೇಕು ಅನ್ನಿಸಿದ್ರೆ ಸೇರು. ಗೊತ್ತಿದ್ದು ಸೇರೋದು ಬೇರೆ, ಆಮೇಲೆ ಗೊತ್ತಾಗೋದು ಬೇರೆ.

ಕೇಸ್ ಮಾತ್ರ ಕಮ್ಮಿ ಮಾಡಬೇಡ. ಅಮೆರಿಕದಲ್ಲಿ ಪರ್ಫ್ಯೂಷನಿಸ್ಟ್ ಸರ್ಟಿಫಿಕೇಟ್ ಉಳಿಸಿಕೊಳ್ಳೋಕೆ ವರ್ಷಕ್ಕೆ 40 ಕೇಸ್ ಆದ್ರೂ ಮಾಡಲೇಬೇಕು ಅಂತ ನೀನೇ ಹೇಳಿದ್ದು. ಆನ್‌ಲೈನ್ ಡಿಗ್ರಿ ಕೊಡೋ ದೇಶವೇ ಯಂತ್ರದ ಮುಂದೆ ಕೂರಿಸೋದು ಕೈ ನೋಡಿ.

ಈ ಒಂದು ಮಾತು ನಾನು ಅಪ್ಪನಾಗಿಯೂ ಹೇಳ್ತೀನಿ, ಆ ಟೇಬಲ್ ಮೇಲೆ ಮಲಗಿ ಎದ್ದವನಾಗಿಯೂ ಹೇಳ್ತೀನಿ. ಅವರಿಗೆ ಹಗಲು ಅಂದ್ರೆ ನಿನಗೆ ರಾತ್ರಿ. ಮಧ್ಯರಾತ್ರಿವರೆಗೆ ಕ್ಲಾಸ್ ಕೇಳಿ ಬೆಳಗ್ಗೆ ಏಳಕ್ಕೆ ಪಂಪಿನ ಮುಂದೆ ಕೂರಬೇಡ. ರೆಕಾರ್ಡ್ ಆದ ಪಾಠ ರಜೆ ದಿನ ಕೇಳು. ಒಂದು ವಿಷಯ ಮುಂದಿನ ಟರ್ಮ್‌ಗೆ ಹೋದ್ರೆ ಹೋಗಲಿ, ಎರಡು ವರ್ಷದ್ದು ಮೂರು ವರ್ಷವಾಗಲಿ. ನಿದ್ದೆಗಣ್ಣಿನಲ್ಲಿ ಆ ಮಟ್ಟದ ಗೆರೆ ತಪ್ಪಿಹೋದ್ರೆ ಏನಾಗುತ್ತೆ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ನನ್ನ 98 ನಿಮಿಷದಲ್ಲಿ ಅಲ್ಲಿ ಕೂತಿದ್ದವರು ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದ್ದರು ಅಂತ ಅಂದುಕೊಂಡಿದ್ದೀನಿ.

ಹೊತ್ತಾಯ್ತು. ಮನೆಯೆಲ್ಲ ಮಲಗಿದಾಗ ಎದೆಯೊಳಗಿನ ವಾಲ್ವ್ ಟಿಕ್ ಟಿಕ್ ಅನ್ನೋದು ನನಗೇ ಕೇಳುತ್ತೆ. ಐಎನ್‌ಆರ್ (ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತೆ ಅನ್ನೋ ಪರೀಕ್ಷೆ) ಹೋದ ತಿಂಗಳು ಸರಿಯಾಗಿತ್ತು, ಮಾತ್ರೆ ತಪ್ಪಿಸಿಲ್ಲ, ಚಿಂತೆ ಮಾಡಬೇಡ.

ಮೇಲಿನ ರೂಮಿಗೆ ಇನ್ವರ್ಟರ್ ಲೈನ್ ಎಳೆದಿದ್ದೀನಿ. ನಿನ್ನೆ ಮೈನ್ ಆಫ್ ಮಾಡಿ ನೋಡಿದೆ, ಫ್ಯಾನು, ಲೈಟು, ಇಂಟರ್ನೆಟ್ ಡಬ್ಬಿ ಮೂರೂ ನಿಲ್ಲಲಿಲ್ಲ. ರಜೆಗೆ ಬಂದಾಗ ಅಲ್ಲೇ ಕೂತು ಓದಬಹುದು. ಬರುವಾಗ ಆ ಪುಸ್ತಕದಲ್ಲಿ 480ರ ಕಥೆ ಸಿಕ್ಕಿದ್ರೆ ಗುರುತು ಹಾಕಿಕೊಂಡು ಬಾ. ನನಗೂ ಕೇಳಬೇಕು.

ನಿನ್ನ,
ಅಪ್ಪ