ಗೆಳೆಯನಿಗೊಂದು ಪತ್ರ: ಮೂವತ್ತು ಸೆಕೆಂಡಿನಲ್ಲಿ ಬಾರದ ಪದ

ಪ್ರೀತಿಯ ಸುಬ್ಬು,

ಆಪರೇಷನ್ ಬರುವ ಗುರುವಾರ. ಅಷ್ಟನ್ನು ಫೋನಿನಲ್ಲೇ ಹೇಳಿದ್ದೆ. ಸ್ಕ್ಯಾನ್ ವಿಷಯ ಮಾತ್ರ ಹೇಳಿರಲಿಲ್ಲ. ಎಲ್ಲರೂ ಓದುವ ಕಡೆ ಬರೆಯುತ್ತಿದ್ದೇನೆ, ಇದೇ ಮೆಷಿನ್ನಿನೊಳಗೆ ಹೋಗಬೇಕಾದ ಇನ್ನೊಬ್ಬರಿಗೆ ಸ್ವಲ್ಪ ಧೈರ್ಯ ಬರಲಿ ಅಂತ. ನೀನು ಮಾತ್ರ ಯಾವಾಗಲೂ ಹಿಡಿದೇ ಇರುವ ಆ ಕೊಡೆ ಮಡಚಿಟ್ಟು ಓದು.

ಮಿದುಳಿನಲ್ಲಿ ಗೆಡ್ಡೆ ಇರುವುದು ಎಡಗಡೆ. 1861ರಲ್ಲಿ ಪಾಲ್ ಬ್ರೋಕಾ ಎಂಬ ಫ್ರೆಂಚ್ ವೈದ್ಯ ಗುರುತಿಸಿದ ಮಾತಿನ ಜಾಗದ ಪಕ್ಕದಲ್ಲೇ. ಅವನ ರೋಗಿಗೆ ಬೇರೆಯವರ ಮಾತು ತಿಳಿಯುತ್ತಿತ್ತು. ಬಾಯಿಂದ ಬರುತ್ತಿದ್ದದ್ದು ಹೆಚ್ಚುಕಡಿಮೆ 'ಟಾನ್' ಅನ್ನುವ ಒಂದೇ ಸದ್ದು. ಅದನ್ನು ಓದಿದ ರಾತ್ರಿ ನಿದ್ದೆ ಹತ್ತಲಿಲ್ಲ.

ನಾನು ಎಡಚ ಅಲ್ವಾ, ಡಾಕ್ಟರಿಗೆ ಅದೇ ಮೊದಲ ಪ್ರಶ್ನೆ. ಬಲಗೈಯವರಲ್ಲಿ ಬಹುತೇಕ ಎಲ್ಲರಿಗೂ ಮಾತು ಎಡ ಮಿದುಳಲ್ಲಿ. ಎಡಚರಲ್ಲಿ ನೂರಕ್ಕೆ ಸುಮಾರು 70 ಜನಕ್ಕೆ ಮಾತ್ರ ಹಾಗೆ. ಉಳಿದವರಿಗೆ ಬಲಗಡೆ, ಇಲ್ಲವೇ ಎರಡೂ ಕಡೆ. ಅದಕ್ಕೇ ಎಫ್‌ಎಂಆರ್‌ಐ ಅನ್ನುವ ಸ್ಕ್ಯಾನ್ ಮಾಡಿ ನೋಡೋಣ ಅಂದರು. ಮಿದುಳಿನ ಯಾವ ಭಾಗ ಕೆಲಸಕ್ಕೆ ಇಳಿಯುತ್ತದೋ ಅಲ್ಲಿಗೆ ಆಕ್ಸಿಜನ್ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಕ್ಸಿಜನ್ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಎದುರು ನಡವಳಿಕೆ ಬೇರೆ. ಮೆಷಿನ್ ಹಿಡಿಯುವುದು ಆ ವ್ಯತ್ಯಾಸವನ್ನು. ರಕ್ತ ಪೂರಾ ಏರುವುದು ಐದಾರು ಸೆಕೆಂಡು ತಡವಾಗಿ. ಅಷ್ಟರಲ್ಲಿ ಪದ ಬಂದು ಹೋಗಿರುತ್ತದೆ.

ತಲೆಗೆ ಪಂಜರ, ಕಿವಿಗೆ ಸ್ಪಂಜು, ಕಣ್ಣ ಮೇಲೊಂದು ಪುಟ್ಟ ಕನ್ನಡಿ. ಕನ್ನಡಿಯಲ್ಲಿ ಪರದೆ ಕಾಣುತ್ತದೆ. ಸುತ್ತ ಧಡಧಡ ಸದ್ದು. ಬಾಯಿ ಬಿಡುವ ಹಾಗಿಲ್ಲ, ತಲೆ ಕೊಂಚ ಅಲ್ಲಾಡಿದರೂ ಚಿತ್ರ ಕೆಡುತ್ತದೆ. ಎಲ್ಲ ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. 30 ಸೆಕೆಂಡು 'ಕ' ಇಂದ ಶುರುವಾಗುವ ಪದಗಳು, ಆಮೇಲೆ 30 ಸೆಕೆಂಡು ಸುಮ್ನೆ ಒಂದು ಗುರುತು ನೋಡುತ್ತಿರುವುದು. ಕಪ್ಪೆ, ಕತ್ತರಿ, ಕಂಬಳಿ, ಕಾಗೆ. ಆಮೇಲೆ ಪರದೆಯ ಮೇಲೆ ವಸ್ತುವಿನ ಹೆಸರು ಬರುತ್ತದೆ, ಅದಕ್ಕೊಂದು ಕ್ರಿಯೆ ಯೋಚಿಸಬೇಕು. ಬಾವಿ, ಸೇದು. ಪೊರಕೆ, ಗುಡಿಸು. ಪತ್ರ.

ಹರಿ.

'ಬರೆ' ಬರಬೇಕಿತ್ತು, 'ಓದು' ಆದರೂ ಬರಬಹುದಿತ್ತು. 'ಹರಿ' ಬಂತು ಕಣೋ.

ನಿನ್ನ ಅಪ್ಪ ತೀರಿಹೋದ ವರ್ಷ ನೀನು ನನಗೆ ನಾಲ್ಕು ಪುಟದ ಪತ್ರ ಬರೆದಿದ್ದೆ. ಸಿಗಲೇ ಇಲ್ಲ ಅಂತ ನಾನು ಅಂದಿದ್ದೆ. ಸಿಕ್ಕಿತ್ತು. ಪೂರ್ತಿ ಓದಿದೆ. ಬರಬೇಕಾದ ಹೊತ್ತಿಗೆ ನಾನು ಬರಲಿಲ್ಲ ಅಂತ ಮೂರನೇ ಪುಟದಲ್ಲಿ ನೀನು ಬರೆದಿದ್ದೆ. ಅದು ನಿಜ. ನಿಜವಾಗಿದ್ದಕ್ಕೇ ಇಟ್ಟುಕೊಳ್ಳಲು ಆಗಲಿಲ್ಲ. ಹರಿದೆ. ಆಮೇಲೆ ನೀನು ಕೇಳಿದಾಗಲೆಲ್ಲ ಅಂಚೆಯವರ ಮೇಲೆ ಹಾಕಿದೆ.

ಮರುದಿನ ಡಾಕ್ಟರು ಚಿತ್ರ ತೋರಿಸಿದರು. ನನಗೂ ಮಾತು ಎಡಗಡೆಯೇ. ಬೂದು ಮಿದುಳು, ಅದರಲ್ಲಿ ಗೆಡ್ಡೆಯ ಕಪ್ಪು, ಪಕ್ಕದಲ್ಲೇ ಕಿತ್ತಳೆ ಬಣ್ಣದ ಮಚ್ಚೆ. ಅದು ಎಲ್ಲ ಪದಗಳ ಒಟ್ಟು ಲೆಕ್ಕ, ಒಂದೊಂದು ಪದ ಅದರಲ್ಲಿ ಕಾಣುವುದಿಲ್ಲ. ಆದರೂ ಅವರು ಮಾತಾಡುತ್ತಿದ್ದಷ್ಟು ಹೊತ್ತು ನನಗೆ ಕಂಡದ್ದು ಹರಿದ ಕಾಗದವೇ.

ಬಣ್ಣ ಇಲ್ಲದ ಕಡೆ ಕತ್ತರಿ ಹಾಕಬಹುದಾ ಅಂತ ಕೇಳಿದೆ. ಹಾಗೆ ನಂಬುವಂತಿಲ್ಲವಂತೆ. ಗೆಡ್ಡೆಯ ಪಕ್ಕದ ರಕ್ತನಾಳಗಳು ಕೆಲವು ಸಲ ಸರಿಯಾಗಿ ಸ್ಪಂದಿಸುವುದಿಲ್ಲ, ಕೆಲಸ ಮಾಡುತ್ತಿರುವ ಜಾಗವೂ ಖಾಲಿ ಕಾಣಬಹುದು. ಬಣ್ಣ ಬಂದ ಜಾಗವೆಲ್ಲ ಮಾತಿಗೆ ಬೇಕೇ ಬೇಕು ಅಂತಲೂ ಅಲ್ಲ. ಅದಕ್ಕೇ ಗುರುವಾರ ಆಪರೇಷನ್ ನಡುವೆ ನನ್ನನ್ನು ಎಬ್ಬಿಸುತ್ತಾರೆ. ಮಿದುಳಿಗೆ ನೋವು ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೆ ಸಣ್ಣ ಕರೆಂಟು ಮುಟ್ಟಿಸಿ ಚಿತ್ರ ತೋರಿಸುತ್ತಾರೆ, ನಾನು ಹೆಸರು ಹೇಳಬೇಕು. ಎಲ್ಲಿ ಮಾತು ನಿಲ್ಲುತ್ತದೋ ಅಲ್ಲೊಂದು ನಂಬರ್ ಚೀಟಿ ಇಟ್ಟು, ಆ ಜಾಗ ಬಿಟ್ಟು ಮುಂದೆ ಹೋಗುತ್ತಾರೆ. ಎರಡು ಭಾಷೆ ಬಲ್ಲವರಲ್ಲಿ ಒಂದು ಜಾಗ ಮುಟ್ಟಿದರೆ ಒಂದೇ ಭಾಷೆ ನಿಲ್ಲುವುದೂ ಉಂಟು. ಸಿಟ್ಟು ಬಂದಾಗ ಯಾವ ಭಾಷೆ ಅಂತ ಕೇಳಿದರು. ಕನ್ನಡ ಅಂದೆ. ಹಾಗಾದರೆ ಕನ್ನಡದಲ್ಲೂ ನೋಡೋಣ ಅಂದರು.

'ಕ್ಷಮಿಸು' ಕೂಡ 'ಕ' ಇಂದಲೇ ಶುರು, ಅಲ್ವಾ? ಆ 30 ಸೆಕೆಂಡಿನಲ್ಲಿ ಅದು ಬರಲಿಲ್ಲ. ಕಂಬಳಿ ಬಂತು, ಕಾಗೆ ಬಂತು. ಈಗ ಬರೆಯುತ್ತಿದ್ದೇನೆ. ಕ್ಷಮಿಸು.

ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಇರಲಿ ಬಿಡು. ನಿನ್ನೆ ಚಿತ್ರಗಳನ್ನೆಲ್ಲ ಒಮ್ಮೆ ತೋರಿಸಿ ಹೆಸರು ಹೇಳಿಸಿದರು. ಅದರಲ್ಲಿ ಕೊಡೆ ಇದೆ ಮಾರಾಯ. ಗುರುವಾರ ಅದು ಬಂದು ನನಗೆ ನಗು ತಡೆಯಲಾಗದಿದ್ದರೆ ಡಾಕ್ಟರಿಗೆ ನಿನ್ನ ನಂಬರ್ ಕೊಡುತ್ತೇನೆ.

ನಿನ್ನ,
ಎಡಚ