ನಾದದ ಶಕ್ತಿಗೆ ಹರ್ಟ್ಸ್‌ನ ಮೊಹರು ಬೇಡ

ಸಂಪಾದಕರಿಗೆ,

ಮಾನ್ಯರೆ,

ಪುಣೆಯ ಕೊಥರೂಡ್, ಕರ್ವೆನಗರದ ಕಡೆ ಇತ್ತೀಚೆಗೆ ಮನೆಮನೆಗೆ ಬರುತ್ತಿರುವ ಕರಪತ್ರಗಳಲ್ಲಿ, 432 ಹರ್ಟ್ಸ್‌ಗೆ (ಸೆಕೆಂಡಿಗೆ 432 ಕಂಪನಗಳಿಗೆ) ಶ್ರುತಿ ಮಾಡಿದ ರಾಗಗಳನ್ನು ಕೇಳಿದರೆ ಮಧುಮೇಹ, ರಕ್ತದೊತ್ತಡ ವಾಸಿಯಾಗುತ್ತವೆ, ಚಕ್ರಗಳು ಜಾಗೃತವಾಗುತ್ತವೆ ಎಂಬ ಭರವಸೆ ಇರುತ್ತದೆ. ಇಂಥ ಜಾಹೀರಾತುಗಳು ಈಗ ಪತ್ರಿಕೆಗಳಲ್ಲೂ ಕಾಣಿಸತೊಡಗಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಸಂಗೀತಕ್ಕೆ ಮನುಷ್ಯನನ್ನು ಅವನ ಮಿತಿಯಾಚೆ ಒಯ್ಯುವ ಶಕ್ತಿ ಇದೆ ಎಂದು ಮನಸಾರೆ ನಂಬಿದವರಲ್ಲಿ ನಾನೂ ಒಬ್ಬ. ಆ ನಂಬಿಕೆಯಿಂದಲೇ ಈ ವ್ಯಾಪಾರವನ್ನು ವಿರೋಧಿಸುತ್ತೇನೆ.

ಪಾಶ್ಚಾತ್ಯ ವಾದ್ಯವೃಂದಗಳು ಒಟ್ಟಾಗಿ ನುಡಿಸಲು ಅನುಕೂಲವಾಗಲೆಂದು ತಮ್ಮ ‘ಎ’ ಸ್ವರಕ್ಕೆ 440 ಹರ್ಟ್ಸ್ ಎಂಬ ಅಳತೆಯನ್ನು ಇಟ್ಟುಕೊಂಡವು. 432ರ ವಾದ ಅದಕ್ಕೆ ಎದುರಾಗಿ ಅಲ್ಲಿಯೇ ಹುಟ್ಟಿದ್ದು. ನಮ್ಮ ಪದ್ಧತಿಯಲ್ಲಿ ಷಡ್ಜಕ್ಕೆ, ಅಂದರೆ ಆಧಾರಸ್ವರವಾದ ‘ಸ’ಕ್ಕೆ, ಗೊತ್ತಾದ ಒಂದು ಸ್ಥಾನವೇ ಇಲ್ಲ. ಹಾಡುವವರ ಕಂಠ ಎಲ್ಲಿಂದ ನಿರಾಯಾಸವಾಗಿ ಮೇಲಕ್ಕೂ ಕೆಳಕ್ಕೂ ಸಂಚರಿಸಬಲ್ಲದೋ ಅಲ್ಲಿಗೆ ತಂಬೂರಿ ಕೂಡಿಸುತ್ತಾರೆ: ಗಂಡಸರದು ಸಾಮಾನ್ಯವಾಗಿ ಕಾಳಿ ಏಕದ (ಹಾರ್ಮೋನಿಯಂನ ಮೊದಲ ಕರಿ ಮನೆಯ) ಆಸುಪಾಸು, ಹೆಂಗಸರದು ಕಾಳಿ ಚಾರ್ ಇಲ್ಲವೇ ಪಾಂಚ್ (ನಾಲ್ಕನೆಯ ಇಲ್ಲವೇ ಐದನೆಯ ಕರಿ ಮನೆ). ಗಂಗೂಬಾಯಿ ಹಾನಗಲ್ಲರ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಗಿ ಕೆಳಗಿಳಿಯಿತು. ಆ ಇಳಿದ ಷಡ್ಜದಲ್ಲೇ ನಿಂತು ಅವರು ದಶಕಗಟ್ಟಲೆ ಕೇಳುಗರನ್ನು ಮೈಮರೆಸಿದರು.

ನಾದದಲ್ಲಿ ನಿಗೂಢವಾದದ್ದೇನಾದರೂ ಇದೆಯೇ ಎಂದು ತಿಳಿಯಬೇಕಾದವರು ತಂಬೂರಿಯ ಪಕ್ಕ ಕುಳಿತು ಕೇಳಬೇಕು. ಅದಕ್ಕೆ ಇರುವುದು ನಾಲ್ಕು ತಂತಿ: ಪಂಚಮ (‘ಪ’), ನಡುವೆ ಷಡ್ಜದ ಜೋಡಿ, ಕೊನೆಗೆ ಖರಜ, ಅಂದರೆ ಕೆಳಗಿನ ಸ್ಥಾಯಿಯ ಷಡ್ಜ. ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯಡಿ ಸಿಕ್ಕಿಸಿದ ನೂಲಿನೆಳೆಯನ್ನು ತುಸುತುಸುವೇ ಹಿಂದೆ ಮುಂದೆ ಸರಿಸುತ್ತ ಹೋದಾಗ ಯಾವುದೋ ಒಂದು ಬಿಂದುವಿನಲ್ಲಿ ಜವಾರಿ, ಅಂದರೆ ತಂತಿಯ ಝೇಂಕಾರ, ತೆರೆದುಕೊಳ್ಳುತ್ತದೆ. ಆಗ ಖರಜದ ಒಳಗಿಂದ, ಯಾರೂ ಮೀಟದ ಗಾಂಧಾರವೊಂದು (‘ಗ’ ಸ್ವರ) ಕೇಳತೊಡಗುತ್ತದೆ. ಬಲ್ಲವರು ಅದನ್ನು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಅದು ಖರಜದ ಕಂಪನಸಂಖ್ಯೆಯ ಐದು ಪಟ್ಟಿನಲ್ಲಿ ಮೊಳಗುವ ಉಪಸ್ವರ ಎಂದು ಭೌತಶಾಸ್ತ್ರ ವಿವರಿಸುತ್ತದೆ. ಕಾರಣ ತಿಳಿದ ಮೇಲೂ ಅದರ ಮುಂದೆ ಮನಸ್ಸು ತಾನಾಗಿ ನಿಲ್ಲುತ್ತದೆ, ನನ್ನ ಮಟ್ಟಿಗಂತೂ ಜಪದಷ್ಟೇ ದೃಢವಾಗಿ. ಆದರೆ ಹೊಸಬರ ಕಿವಿಗೆ ಅದು ಮೊದಲ ದಿನವೇ ಬೀಳುವುದು ಅಪರೂಪ. ತಿಂಗಳುಗಟ್ಟಲೆ ಶ್ರುತಿಯೊಂದಿಗೆ ಕುಳಿತು ಪಳಗಿದ ಕಿವಿ ಬೇಕು.

13ನೆಯ ಶತಮಾನದಲ್ಲಿ, ಇದೇ ಮಹಾರಾಷ್ಟ್ರದ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಸಂಗೀತಶಾಸ್ತ್ರಕಾರ ಶಾರ್ಙ್ಗದೇವ, ಯಾವ ಆಘಾತವೂ ಇಲ್ಲದೆ ತಾನಾಗಿ ಇರುವ ಅನಾಹತ ನಾದವನ್ನು ಮುನಿಗಳು ಗುರು ತೋರಿದ ದಾರಿಯಲ್ಲಿ ಉಪಾಸಿಸುತ್ತಾರೆ, ಅದು ಮುಕ್ತಿ ಕೊಡುತ್ತದೆಯೇ ಹೊರತು ರಂಜಿಸುವುದಿಲ್ಲ ಎಂದ. ಹಾಡಿ, ಮೀಟಿ ಹುಟ್ಟಿಸುವ ಆಹತ ನಾದಕ್ಕೆ ರಂಜಿಸುವ ಗುಣವೂ ಭವವನ್ನು ಕಳೆಯುವ ಗುಣವೂ ಉಂಟೆಂದ. ಅವನಿಗಿಂತ ಮೊದಲೇ ಬಸವಣ್ಣನವರು, ಶಿವ ನಾದಪ್ರಿಯನಲ್ಲ, ಭಕ್ತಿಪ್ರಿಯ ಎಂದು ಸಾರಿದ್ದರು. ಆ ಭಕ್ತಿಯ ಹಾದಿಯಲ್ಲೇ ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಮನೆಗೆ ನೀರು ಹೊತ್ತು ವಿದ್ಯೆ ಪಡೆದವರು. 1952ರಲ್ಲಿ ತೀರಿಕೊಂಡ ಆ ಗುರುವಿನ ನೆನಪಿಗೆ 1953ರಲ್ಲಿ ಆರಂಭವಾದ ಸವಾಯಿ ಗಂಧರ್ವ ಉತ್ಸವವನ್ನು ಅವರು ಪುಣೆಯಲ್ಲಿ ಬೆಳೆಸಿದರು. ಅವರ ಅಭಂಗ, ದಾಸರ ಪದಗಳಿಗೆ ನೆರೆದವರೆಲ್ಲ ಒಮ್ಮೆಲೇ ನಿಶ್ಶಬ್ದರಾಗುತ್ತಿದ್ದ ಆ ಪ್ರಭಾವದ ಹಿಂದೆ ಇದ್ದದ್ದು ಇಂಥ ಸೇವೆ ಮತ್ತು ರಿಯಾಜು.

ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯ ಆತಂಕ, ನಂತರದ ನೋವು ಸಂಗೀತದಿಂದ ತಗ್ಗುತ್ತದೆ ಎಂದು ವೈದ್ಯಕೀಯ ಅಧ್ಯಯನಗಳು ಹೇಳುತ್ತವೆ. ಅದು ಸಂತೋಷದ ಸಂಗತಿ. ಮಧುಮೇಹವೇ ವಾಸಿಯಾಗುತ್ತದೆ ಎನ್ನುವುದು ಬೇರೆಯೇ ಮಾತು, ಅದನ್ನು ನಂಬಿ ಯಾರಾದರೂ ಇನ್ಸುಲಿನ್ ಬಿಟ್ಟರೆ ಜೀವಕ್ಕೇ ಅಪಾಯ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ 1954ರಲ್ಲೇ ಬಂದಿದೆ. ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡಬಾರದ ರೋಗಗಳ ಅದರ ಪಟ್ಟಿಯಲ್ಲಿ ಮಧುಮೇಹವೂ ಇದೆ, ರಕ್ತದೊತ್ತಡವೂ ಇದೆ.

ಆದ್ದರಿಂದ ಇಂಥ ಜಾಹೀರಾತುಗಳನ್ನು ತಾವು ಸ್ವೀಕರಿಸಬಾರದೆಂದು ಕೋರುತ್ತೇನೆ. ಪುಣೆ, ಮುಂಬಯಿಯ ಕನ್ನಡ ಸಂಘಗಳು ವಾರಕ್ಕೊಂದು ಬೆಳಿಗ್ಗೆಯಾದರೂ ಮಕ್ಕಳನ್ನು ನಿಜವಾದ ತಂಬೂರಿಯ ಎದುರು ಕೂಡ್ರಿಸಿ, ಶ್ರುತಿ ಕೂಡಿಸುವುದನ್ನು ಕಲಿಸುವ ವರ್ಗ ನಡೆಸಲಿ. ಅಂಥ ವರ್ಗಗಳ ಸ್ಥಳ, ವೇಳೆಯನ್ನು ತಮ್ಮ ಪತ್ರಿಕೆ ಉಚಿತವಾಗಿ ಪ್ರಕಟಿಸಿದರೆ ಹೊರನಾಡ ಕನ್ನಡಿಗರಿಗೆ ಬಹಳ ಉಪಕಾರವಾಗುತ್ತದೆ.

ತಮ್ಮ ವಿಶ್ವಾಸಿ,
ಓದುಗ, ಕೊಥರೂಡ್, ಪುಣೆ